28 ಅಂಕ: ಗ್ರಾಟ್ಸ್‌ನ ಕ್ಲಬ್ಬೊಂದು ನೆಲಕಚ್ಚಿದ ಸೀಸನ್

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್ ನೋಡುವವರಿಗೆ 2005ರ ಮೇ 25ರ ರಾತ್ರಿಯ ಬಗ್ಗೆ ಹೇಳಬೇಕಾದ್ದೇನಿಲ್ಲ. ಇಸ್ತಾಂಬುಲ್‌ನಲ್ಲಿ ಯುರೋಪಿನ ಕ್ಲಬ್‌ಗಳ ಅತಿ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್. ವಿರಾಮದ ಹೊತ್ತಿಗೆ ಎ.ಸಿ. ಮಿಲಾನ್ ಮೂರು ಗೋಲು ಮುಂದಿತ್ತು. ಆಮೇಲೆ ಆರೇ ನಿಮಿಷಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮೂರನ್ನೂ ತೀರಿಸಿತು, ಪೆನಾಲ್ಟಿ ಶೂಟೌಟ್‌ನಲ್ಲಿ ಕಪ್ ಎತ್ತಿತು. ಅದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಆ ಸೀಸನ್‌ನ ಚಾಂಪಿಯನ್ಸ್ ಲೀಗ್‌ನಲ್ಲಿ ಲಿವರ್‌ಪೂಲ್ ತನ್ನ ಸ್ವಂತ ಆನ್‌ಫೀಲ್ಡ್ ಮೈದಾನದಲ್ಲಿ ಒಂದೇ ಒಂದು ಪಂದ್ಯ ಸೋತಿತ್ತು ಎನ್ನುವುದು ಅಷ್ಟಾಗಿ ಯಾರಿಗೂ ನೆನಪಿಲ್ಲ. ಯುವೆಂಟಸ್‌ಗೆ ಅಲ್ಲಿ ಗೆಲ್ಲಲಾಗಲಿಲ್ಲ. ಕೋಚ್ ಮೌರಿನ್ಯೊ ಅವರ ಚೆಲ್ಸಿಗೂ ಆಗಲಿಲ್ಲ. ಗೆದ್ದು ಬಂದದ್ದು ಆಸ್ಟ್ರಿಯಾದ ಗ್ರಾಟ್ಸ್ ಎಂಬ ಊರಿನ ಗ್ರಾಟ್ಸರ್ ಎ.ಕೆ., ಅಂದರೆ ಜಿ.ಎ.ಕೆ.

ಆ ಗೆಲುವಿನ ದಿನ 2004ರ ಆಗಸ್ಟ್ 24. ಅದಾಗಿ ಮೂರು ವರ್ಷ ತುಂಬುವಷ್ಟರಲ್ಲಿ ಇದೇ ಜಿ.ಎ.ಕೆ. ಆಸ್ಟ್ರಿಯಾದ ಮೊದಲ ದರ್ಜೆಯ ಲೀಗ್ ಆದ ಬುಂಡೆಸ್‌ಲೀಗಾದಲ್ಲಿ ಕಟ್ಟಕಡೆಯ ಸ್ಥಾನ ಪಡೆದು ಕೆಳಗಿಳಿಯಿತು. ಇಳಿದದ್ದು ಎರಡನೇ ದರ್ಜೆಗೂ ಅಲ್ಲ, ನೇರವಾಗಿ ಮೂರನೆಯದಕ್ಕೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ 2006-07ರ ಸೀಸನ್ ಬಗ್ಗೆ. ನನ್ನ ವಾದ ಇಷ್ಟೇ: ಜಿ.ಎ.ಕೆ. ಸೋತದ್ದು 2007ರಲ್ಲಲ್ಲ, ಗೆಲ್ಲುತ್ತಿದ್ದ ದಿನಗಳಲ್ಲೇ. ಆದರೆ ಆ ಸೋಲಿನ ಬೆಲೆ ಕಟ್ಟಿದವರು ಬೇರೆ ಯಾರೋ.

ಮೊದಲು ಊರಿನ ಬಗ್ಗೆ ಒಂದೆರಡು ಮಾತು. ಗ್ರಾಟ್ಸ್ ಆಸ್ಟ್ರಿಯಾದ ಎರಡನೇ ದೊಡ್ಡ ನಗರ, ಸ್ಟೈರಿಯಾ ಪ್ರಾಂತ್ಯದ ರಾಜಧಾನಿ. ನಡುವೆ ಮೂರ್ ಎಂಬ ಹೊಳೆ, ಪಕ್ಕದಲ್ಲಿ ಶ್ಲಾಸ್‌ಬರ್ಗ್ ಎಂಬ ಗುಡ್ಡ, ಅದರ ಮೇಲೊಂದು ಹಳೆಯ ಗಡಿಯಾರ ಗೋಪುರ. ವಿಶ್ವವಿದ್ಯಾಲಯಗಳ ಊರು, ವಿದ್ಯಾರ್ಥಿಗಳ ಊರು. ಈ ಊರಿಗೆ ಫುಟ್‌ಬಾಲ್ ತಂದವರಲ್ಲಿ ಪ್ರಮುಖರು ಪ್ರಾಗ್‌ನಿಂದ ಬಂದ ವೈದ್ಯಕೀಯ ವಿದ್ಯಾರ್ಥಿ ಗೇಯೋರ್ಗ್ ಆಗಸ್ಟ್ ವಾಗ್ನರ್. 1902ರಲ್ಲಿ ಕ್ಲಬ್ ಹುಟ್ಟಿತು. ಅದರ ಹೆಸರಿನಲ್ಲಿರುವ ‘ಎ’ ಅಥ್ಲೆಟಿಕ್ಸ್‌ನದು, ಟೆನಿಸ್‌ನಂಥ ಬೇರೆ ಆಟಗಳೂ ಅದರ ಮಡಿಲಲ್ಲೇ ಬೆಳೆದವು. ಏಳು ವರ್ಷದ ನಂತರ, 1909ರಲ್ಲಿ, ಅದೇ ಊರಿನಲ್ಲಿ ಸ್ಟುರ್ಮ್ ಗ್ರಾಟ್ಸ್ ಹುಟ್ಟಿತು. ಕೆಂಪು ಬಣ್ಣದ ಜಿ.ಎ.ಕೆ. ಓದಿದವರ, ಅನುಕೂಲಸ್ಥರ ಕ್ಲಬ್ ಎಂದೂ, ಕಪ್ಪು ಬಿಳುಪಿನ ಸ್ಟುರ್ಮ್ ದುಡಿಯುವವರ ಕ್ಲಬ್ ಎಂದೂ ಊರಿನವರ ಎಣಿಕೆ. ಈಗ ಅದೆಲ್ಲ ಮಸುಕಾಗಿದೆ, ಆದರೆ ಯಾವ ಮನೆಯವರು ಯಾವ ಬಣ್ಣ ಎನ್ನುವುದು ಮಾತ್ರ ಇನ್ನೂ ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುತ್ತದೆ.

ಜಿ.ಎ.ಕೆ.ಗೆ ದೊಡ್ಡ ಗೆಲುವುಗಳು ಬಹಳ ತಡವಾಗಿ ಬಂದವು. 1981ರಲ್ಲಿ ಮೊದಲ ಬಾರಿ ಆಸ್ಟ್ರಿಯನ್ ಕಪ್ ಸಿಕ್ಕಿತು. ಲೀಗ್ ಪ್ರಶಸ್ತಿಯಂತೂ ನೂರು ವರ್ಷ ಕಳೆದರೂ ಬರಲಿಲ್ಲ. ಈ ನಡುವೆ ಎದುರಾಳಿ ಸ್ಟುರ್ಮ್, ಇವಿತ್ಸಾ ಓಸಿಮ್ ಎಂಬ ಬೋಸ್ನಿಯಾದ ಕೋಚ್ ಕೈಯಲ್ಲಿ 1998 ಮತ್ತು 1999ರಲ್ಲಿ ಚಾಂಪಿಯನ್ ಆಯಿತು, 2000ದಲ್ಲಿ ಚಾಂಪಿಯನ್ಸ್ ಲೀಗ್‌ನ ತನ್ನ ಗುಂಪಿನಲ್ಲಿ ಮೊದಲ ಸ್ಥಾನವನ್ನೇ ಗಳಿಸಿತು. ಅದೇ ಊರಿನಲ್ಲಿ, ಅದೇ ಕ್ರೀಡಾಂಗಣದಲ್ಲಿ, ಪಕ್ಕದ ಮನೆಯವರ ಸಂಭ್ರಮ ನೋಡುತ್ತಾ ಕೂರುವುದು ಜಿ.ಎ.ಕೆ. ಬೆಂಬಲಿಗರಿಗೆ ಎಷ್ಟು ಕಷ್ಟವಾಗಿತ್ತು ಎಂಬುದನ್ನು ನಾವು ಮರೆಯಬಾರದು. ಮುಂದೆ ಮಾಡಿದ ಖರ್ಚಿನ ಹಿಂದೆ ಆ ಒತ್ತಡವೂ ಇತ್ತೆಂದು ನನ್ನ ಅನಿಸಿಕೆ.

ಹೀಗಿರುವಾಗ ಬಂದವರು ವಾಲ್ಟರ್ ಶಾಖ್ನರ್. ಸ್ಟೈರಿಯಾದವರೇ. ಇಟಲಿಯಲ್ಲಿ ಚೆಸೇನ, ತೊರಿನೊ ತಂಡಗಳಿಗೆ ಆಡಿದ ಮುನ್ಪಡೆ ಆಟಗಾರ, 1982ರ ವಿಶ್ವಕಪ್‌ನಲ್ಲಿ ಚಿಲಿ ವಿರುದ್ಧ ಆಸ್ಟ್ರಿಯಾದ ಗೆಲುವಿನ ಗೋಲು ಇವರದೇ. ಕೋಚ್ ಆಗಿ ಬಂದ ಮೊದಲ ಸೀಸನ್‌ನಲ್ಲೇ ತಂಡವನ್ನು ಎರಡನೇ ಸ್ಥಾನಕ್ಕೆ ತಂದರು. ಮರುವರ್ಷ, 2004ರಲ್ಲಿ, ಒಂದೇ ಒಂದು ಅಂಕದ ಅಂತರದಲ್ಲಿ ವಿಯೆನ್ನಾ ನಗರದ ಆಸ್ಟ್ರಿಯಾ ವೀನ್ ಎಂಬ ತಂಡವನ್ನು ಹಿಂದಿಕ್ಕಿ ಜಿ.ಎ.ಕೆ. ಲೀಗ್ ಗೆದ್ದಿತು. ಅದೇ ವರ್ಷ ಕಪ್ ಫೈನಲ್‌ನಲ್ಲಿ ಅದೇ ಆಸ್ಟ್ರಿಯಾ ವೀನ್ ತಂಡವನ್ನು ಪೆನಾಲ್ಟಿಗಳಲ್ಲಿ ಸೋಲಿಸಿತು. 102 ವರ್ಷ ಕಾದ ಕ್ಲಬ್ಬಿಗೆ ಒಂದೇ ವರ್ಷದಲ್ಲಿ ಎರಡು ಕಿರೀಟ. ರೋಲಾಂಡ್ ಕೋಲ್‌ಮಾನ್ ಲೀಗ್‌ನ ಅತಿ ಹೆಚ್ಚು ಗೋಲುಗಳ ಆಟಗಾರ. ಜೊತೆಗೆ ಮಾರಿಯೊ ಬಾಜಿನಾ, ರೆನೆ ಔಫ್‌ಹೌಸರ್, ಎಮಾನುಯೆಲ್ ಪೋಗಟೆಟ್ಸ್. ಚೆಂದದ ತಂಡ ಅದು. ನೋಡಿದವರು ಈಗಲೂ ಹೆಸರು ಹೆಸರಾಗಿ ಹೇಳುತ್ತಾರೆ.

ಆಗಸ್ಟ್‌ನಲ್ಲಿ ಚಾಂಪಿಯನ್ಸ್ ಲೀಗ್‌ನ ಅರ್ಹತಾ ಪಂದ್ಯಕ್ಕೆ ಲಿವರ್‌ಪೂಲ್ ಗ್ರಾಟ್ಸ್‌ಗೆ ಬಂತು. ರಫಾ ಬೆನಿಟೆಜ್ ಹೊಸದಾಗಿ ಕೋಚ್ ಆಗಿದ್ದರು, ಅದು ಅವರ ಮೊದಲ ಅಧಿಕೃತ ಪಂದ್ಯ. ಸ್ಟೀವನ್ ಜೆರಾರ್ಡ್ ಎರಡು ಗೋಲು ಹೊಡೆದರು, 2-0. ಎರಡು ವಾರದ ನಂತರ ಆನ್‌ಫೀಲ್ಡ್‌ನಲ್ಲಿ ಮರುಪಂದ್ಯ. ಎಲ್ಲ ಮುಗಿದೇಹೋಗಿದೆ ಎಂದು ಎಲ್ಲರೂ ಅಂದುಕೊಂಡಿದ್ದ ಪಂದ್ಯ. ವಿರಾಮದ ನಂತರ ಕ್ರೊಯೇಷಿಯಾದ ಡಿಫೆಂಡರ್ ಮಾರಿಯೊ ತೋಕಿಚ್, ಪೆನಾಲ್ಟಿ ಬಾಕ್ಸ್‌ನ ಹೊರಗಿನಿಂದಲೇ ಚೆಂಡನ್ನು ಬೀಸಿ ಒದ್ದರು. ಗೋಲ್‌ಕೀಪರ್‌ಗೆ ಅವಕಾಶವೇ ಇರಲಿಲ್ಲ. 1-0. ಅಲ್ಲಿಂದ ಇನ್ನೊಂದು ಗೋಲು ಸಿಕ್ಕಿದ್ದರೆ ಹೆಚ್ಚುವರಿ ಸಮಯ. ಸಾವಿರಾರು ಕೆಂಪು ಅಂಗಿಗಳ ನಡುವೆ ಲಿವರ್‌ಪೂಲ್‌ನವರೇ ಕೈ ಹಿಸುಕಿಕೊಂಡು ಕೂತ ಆ ಅರ್ಧ ಗಂಟೆಯಲ್ಲಿ ಆ ಗೋಲು ಸಿಗಲಿಲ್ಲ. ಎರಡೂ ಪಂದ್ಯಗಳ ಒಟ್ಟು ಲೆಕ್ಕದಲ್ಲಿ 2-1ರಿಂದ ಲಿವರ್‌ಪೂಲ್ ಮುಂದೆ ಹೋಯಿತು, ಒಂಬತ್ತು ತಿಂಗಳ ನಂತರ ಯುರೋಪಿನ ಚಾಂಪಿಯನ್ ಆಯಿತು.

ಆ ಸಿಗದ ಒಂದು ಗೋಲಿನ ಬಳಿ ಸ್ವಲ್ಪ ನಿಲ್ಲೋಣ. ಯುರೋಪಿನ ಸಣ್ಣ ದೇಶಗಳ ಕ್ಲಬ್‌ಗಳಿಗೆ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ಎಂದರೆ ಬರೀ ಆಟವಲ್ಲ. ಅಲ್ಲಿಗೆ ಕಾಲಿಟ್ಟರೆ ಸಾಕು, ದೇಶದೊಳಗಿನ ಟಿವಿ ಹಣ, ಟಿಕೆಟ್ ಹಣ ಎಲ್ಲ ಸೇರಿದರೂ ಬಾರದಷ್ಟು ಮೊತ್ತ ಬರುತ್ತದೆ. ಆದ್ದರಿಂದ ಆಡಳಿತದವರಿಗೆ ಒಂದು ಆಸೆ ಹುಟ್ಟುತ್ತದೆ: ಇವತ್ತು ದೊಡ್ಡ ಸಂಬಳ ಕೊಟ್ಟು ಒಳ್ಳೆಯ ಆಟಗಾರರನ್ನು ತರೋಣ, ನಾಳೆ ಯುರೋಪಿನಿಂದ ಹಣ ಬಂದಾಗ ತೀರಿಸೋಣ. ಸಾಲ ಮಾಡಿ ಊರಿಗೆಲ್ಲ ಮದುವೆ ಊಟ ಹಾಕಿಸಿದ ಮನೆಯ ಹಾಗೆ. ಊಟ ಮಾಡಿದವರು ಬಾಯ್ತುಂಬ ಹೊಗಳಿ ಹೋಗುತ್ತಾರೆ, ಸಾಲ ಕೊಟ್ಟವನು ಮಾತ್ರ ಮರುದಿನ ಬೆಳಿಗ್ಗೆ ಬಾಗಿಲು ಬಡಿಯುತ್ತಾನೆ.

ಜಿ.ಎ.ಕೆ. ಆ ವರ್ಷ ಯುರೋಪಿನ ಎರಡನೇ ಟೂರ್ನಿಯಾದ ಯುಇಎಫ್‌ಎ ಕಪ್‌ಗೆ ಇಳಿಯಿತು. ಅಲ್ಲೂ ಚೆನ್ನಾಗಿಯೇ ಆಡಿತು. ಸ್ಕಾಟ್ಲೆಂಡಿನ ರೇಂಜರ್ಸ್ ಮುಗ್ಗರಿಸಿದ ಗುಂಪಿನಿಂದ ಮುಂದೆ ಬಂದು, ಇಂಗ್ಲೆಂಡಿನ ಮಿಡಲ್ಸ್‌ಬರೊ ವಿರುದ್ಧ ಊರಿನಲ್ಲಿ 2-2, ಅಲ್ಲಿ 1-2 ಎಂದು ಹೊರಬಿತ್ತು. 2005ರ ಲೀಗ್‌ನಲ್ಲಿ ಎರಡನೇ ಸ್ಥಾನ. ಹೊರಗಿನಿಂದ ನೋಡಿದರೆ ಏನೂ ಕೊರತೆ ಇರಲಿಲ್ಲ. ಒಳಗೆ ಮಾತ್ರ ಒಬ್ಬೊಬ್ಬರೇ ಹೊರಡಲು ಶುರುವಾಗಿತ್ತು. 2005ರಲ್ಲಿ ಪೋಗಟೆಟ್ಸ್ ಹೊರಟರು, ಬೇಸಿಗೆಯಲ್ಲಿ ಅದೇ ಮಿಡಲ್ಸ್‌ಬರೊ ಸೇರಿದರು. ಅದೇ ಬೇಸಿಗೆಯಲ್ಲಿ ಔಫ್‌ಹೌಸರ್ ಸಾಲ್ಜ್‌ಬರ್ಗ್‌ಗೆ ಹೋದರು. 2006ರ ಆರಂಭದ ಹೊತ್ತಿಗೆ ಶಾಖ್ನರ್ ಕೂಡ ಇರಲಿಲ್ಲ. ಆಡಳಿತ ಮಂಡಳಿಯಲ್ಲಿ ಅಧ್ಯಕ್ಷರು ಬದಲಾದರು, ಮತ್ತೆ ಬದಲಾದರು. ಹೊಸ ಅಧ್ಯಕ್ಷರ ಕೈಗೆ ಬಂದದ್ದು ಹಳೆಯ ಸಾಲಗಳು.

ಇಲ್ಲಿ ಒಂದು ಪಕ್ಕದ ಸಂಗತಿ, ಊರಿನ ಮನಸ್ಸು ಗೊತ್ತಾಗಲಿ ಎಂದು ಹೇಳುತ್ತೇನೆ. ಎರಡೂ ತಂಡಗಳು ಆಡುತ್ತಿದ್ದ ಲೀಬೆನೌ ಕ್ರೀಡಾಂಗಣಕ್ಕೆ ಆಗ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಹೆಸರು ಇತ್ತು. ಅವರು ಗ್ರಾಟ್ಸ್ ಪಕ್ಕದ ಟಾಲ್ ಎಂಬ ಹಳ್ಳಿಯವರು. 2005ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಅವರು ಒಬ್ಬ ಕೈದಿಯ ಮರಣದಂಡನೆಗೆ ಕ್ಷಮೆ ನೀಡಲು ಒಪ್ಪಲಿಲ್ಲ. ಮರಣದಂಡನೆಯನ್ನು ವಿರೋಧಿಸುವ ಗ್ರಾಟ್ಸ್‌ನಲ್ಲಿ ದೊಡ್ಡ ಗದ್ದಲವಾಯಿತು, ಹೆಸರು ತೆಗೆಯಬೇಕೆಂಬ ಮಾತು ನಗರಸಭೆಗೆ ಬಂತು. ಅಷ್ಟರಲ್ಲಿ ಅವರೇ ತಮ್ಮ ಹೆಸರನ್ನು ಬಳಸುವ ಹಕ್ಕನ್ನು ಹಿಂತೆಗೆದುಕೊಂಡರು. ಕ್ರೀಡಾಂಗಣದ ಹೆಸರಿನ ಬಗ್ಗೆ ಅಷ್ಟು ಎಚ್ಚರದಿಂದಿದ್ದ ಊರು, ಅದರೊಳಗೆ ಆಡುತ್ತಿದ್ದ ಎರಡು ಕ್ಲಬ್‌ಗಳ ಲೆಕ್ಕದ ಪುಸ್ತಕವನ್ನು ಅದೇ ಎಚ್ಚರದಿಂದ ನೋಡಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಏಕೆಂದರೆ ಕುಸಿದದ್ದು ಒಂದು ಕ್ಲಬ್ ಅಲ್ಲ, ಎರಡೂ. 2006ರಲ್ಲಿ ಮೊದಲು ಸ್ಟುರ್ಮ್ ದಿವಾಳಿಯಾಯಿತು. 2007ರ ಆರಂಭದಲ್ಲಿ ಜಿ.ಎ.ಕೆ. ಕೂಡ. ಕೆಲವೇ ವರ್ಷಗಳ ಹಿಂದೆ ಯುರೋಪಿನ ದೊಡ್ಡ ತಂಡಗಳನ್ನು ಕರೆಸಿ ಆಡಿಸಿದ ಒಂದು ಊರಿನ ಎರಡೂ ಕ್ಲಬ್‌ಗಳು ಒಂದೇ ಸೀಸನ್‌ನಲ್ಲಿ ನ್ಯಾಯಾಲಯದ ಮುಂದೆ ಸಾಲ ಕೊಟ್ಟವರ ಪಟ್ಟಿ ಹಿಡಿದು ನಿಂತವು. ಆಸ್ಟ್ರಿಯಾದಲ್ಲಿ ಕಂಪನಿ ದಿವಾಳಿಯಾದರೆ ನೌಕರರಿಗೆ ಬಾಕಿ ಸಂಬಳ ಕೊಡಲು ಒಂದು ನಿಧಿ ಇದೆ, ಮಾಲೀಕರ ವಂತಿಗೆಯಿಂದ ನಡೆಯುವುದು. ಫುಟ್‌ಬಾಲ್ ಆಟಗಾರರೂ ನೌಕರರೇ, ಹಾಗಾಗಿ ಅವರಿಗೂ ಆ ರಕ್ಷಣೆ ಇದೆ. ಆದರೆ ಮೈದಾನದ ಬೇಲಿ ರಿಪೇರಿ ಮಾಡಿದವನು, ಬಸ್ ಬಾಡಿಗೆಗೆ ಕೊಟ್ಟವನು, ಅಂಗಿ ಒಗೆದು ಕೊಟ್ಟವಳು, ಇಂಥವರೆಲ್ಲ ಬಾಕಿ ಬರಬೇಕಾದವರ ಸಾಲಿನಲ್ಲಿ ಕಾದು ನಿಲ್ಲಬೇಕು. ಕೈಗೆ ಬರುವುದು ಬರಬೇಕಾದದ್ದರ ಒಂದು ಪಾಲು.

ಈಗ 28 ಅಂಕದ ವಿಷಯಕ್ಕೆ ಬರುತ್ತೇನೆ. ಆಗಿನ ಬುಂಡೆಸ್‌ಲೀಗಾದಲ್ಲಿ ಹತ್ತು ತಂಡಗಳು, ತಲಾ 36 ಪಂದ್ಯ. ಗೆದ್ದರೆ ಮೂರು ಅಂಕ, ಡ್ರಾ ಆದರೆ ಒಂದು. ಕೊನೆಗೆ ಉಳಿದ ಒಂದು ತಂಡ ಕೆಳಗಿಳಿಯುತ್ತದೆ. ಪ್ರತಿ ತಂಡವೂ ಪ್ರತಿ ವರ್ಷ ಲೈಸೆನ್ಸ್ ಪಡೆಯಬೇಕು, ಅದಕ್ಕೆ ತನ್ನ ಲೆಕ್ಕಪತ್ರ ಒಪ್ಪಿಸಬೇಕು. ಲೀಗ್‌ನೊಳಗೆ ‘ಸೆನಾಟ್ 5’ ಎಂಬ ಸಮಿತಿ ಅದನ್ನು ಪರಿಶೀಲಿಸುತ್ತದೆ. ತಪ್ಪು ಕಂಡರೆ ದಂಡ, ಅಂಕ ಕಡಿತ, ಕೊನೆಗೆ ಲೈಸೆನ್ಸ್ ನಿರಾಕರಣೆ. ಆ ಸೀಸನ್‌ನಲ್ಲಿ ಸ್ಟುರ್ಮ್‌ಗೆ 13 ಅಂಕ ಕಡಿತವಾಯಿತು. ಜಿ.ಎ.ಕೆ.ಗೆ ಒಟ್ಟು 28.

28 ಅಂಕ ಎಂದರೆ ಒಂಬತ್ತು ಗೆಲುವು, ಮೇಲೊಂದು ಡ್ರಾ. ಡೆನ್ಮಾರ್ಕ್‌ನ ಕೋಚ್ ಲಾರ್ಸ್ ಸೊಂಡರ್‌ಗಾರ್ಡ್ ಕೈಯಲ್ಲಿದ್ದ ಆ ತಂಡ ಮಳೆಯಲ್ಲಿ, ಹಿಮದಲ್ಲಿ, ರೀಡ್‌ನಲ್ಲಿ, ಮಾಟರ್ಸ್‌ಬುರ್ಗ್‌ನಲ್ಲಿ ಓಡಾಡಿ ಗಳಿಸಿದ ಒಂದೊಂದು ಅಂಕವೂ ಕಚೇರಿಯೊಂದರ ಮೇಜಿನ ಮೇಲೆ ಅಳಿಸಿಹೋಯಿತು. ಶನಿವಾರ ಗೆಲ್ಲುತ್ತಾರೆ. ಸೋಮವಾರ ಪತ್ರಿಕೆಯ ಅಂಕಪಟ್ಟಿಯಲ್ಲಿ ತಂಡ ಇದ್ದಲ್ಲೇ ಇರುತ್ತದೆ, ಕಟ್ಟಕಡೆಗೆ. ಇಂಥ ಸ್ಥಿತಿಯಲ್ಲಿ ಆಡುವ ಹುಡುಗನ ಮನಸ್ಸನ್ನು ಯೋಚಿಸಿ ನೋಡಿ. ಅವನೇನೂ ಸಾಲಪತ್ರಕ್ಕೆ ಸಹಿ ಹಾಕಿದವನಲ್ಲ. ಸಹಿ ಹಾಕಿದ ಬಹಳಷ್ಟು ಜನ ಅಷ್ಟು ಹೊತ್ತಿಗೆ ಕ್ಲಬ್ಬಿನ ಬಾಗಿಲು ದಾಟಿ ಹೋಗಿಯಾಗಿತ್ತು. 2004ರ ಕಪ್ ಎತ್ತಿದವರಲ್ಲೂ ಬಹುಮಂದಿ ಹೊರಟಿದ್ದರು.

ಹಾಗಾದರೆ ಈ ಕಡಿತ ಅನ್ಯಾಯವೇ? ಹಾಗೆ ಹೇಳಲು ನಾನು ಸಿದ್ಧನಿಲ್ಲ. ಅದೇ ಲೀಗ್‌ನಲ್ಲಿ ರೀಡ್ ಎಂಬ ಪುಟ್ಟ ಊರಿನ ತಂಡ ಇತ್ತು. ಇರುವ ದುಡ್ಡಿನಲ್ಲೇ ತಂಡ ಕಟ್ಟಿ, ಆ ಸೀಸನ್‌ನಲ್ಲಿ ರೆಡ್ ಬುಲ್ ಸಾಲ್ಜ್‌ಬರ್ಗ್ ನಂತರ ಎರಡನೇ ಸ್ಥಾನ ಪಡೆಯಿತು. ಮೂರನೆಯದು ಮಾಟರ್ಸ್‌ಬುರ್ಗ್, ಅದೂ ಸಣ್ಣ ಊರು. ತನ್ನ ಕೈಗೆ ಎಟುಕದ ಸಂಬಳ ಕೊಟ್ಟು ಆಟಗಾರರನ್ನು ತಂದು ಇಂಥ ತಂಡಗಳನ್ನು ಸೋಲಿಸಿದವರು, ತೆರಿಗೆಯನ್ನೂ ಬಾಕಿಯನ್ನೂ ಕಟ್ಟದೆ ಗೆದ್ದವರು, ಆಟದಲ್ಲೇ ಮೋಸ ಮಾಡಿದ ಹಾಗಲ್ಲವೇ? 2002ರಲ್ಲಿ ಇನ್ಸ್‌ಬ್ರುಕ್‌ನ ಎಫ್.ಸಿ. ಟಿರೋಲ್ ಸತತ ಮೂರನೇ ಬಾರಿ ಚಾಂಪಿಯನ್ ಆಗಿತ್ತು, ಕೋಚ್ ಯೋಕಿಮ್ ಲ್ಯೋವ್, ಮುಂದೆ ಜರ್ಮನಿಗೆ ವಿಶ್ವಕಪ್ ಗೆದ್ದುಕೊಟ್ಟವರು. ಪ್ರಶಸ್ತಿ ಎತ್ತಿದ ಅದೇ ಬೇಸಿಗೆಯಲ್ಲಿ ಲೈಸೆನ್ಸ್ ಸಿಗದೆ ಆ ಕ್ಲಬ್ ಮುಚ್ಚಿಹೋಯಿತು. ಅದು ಕಣ್ಣೆದುರೇ ನಡೆದಿತ್ತು. ಅದನ್ನು ನೋಡಿಯೂ ಗ್ರಾಟ್ಸ್‌ನಲ್ಲಿ ಯಾರೂ ಖರ್ಚಿನ ಕೈ ಬಿಗಿಹಿಡಿಯಲಿಲ್ಲ.

ನನ್ನ ತಕರಾರು ಬೇರೆ. ಕಡಿತ ಬಂದ ಹೊತ್ತು ತಪ್ಪು. ಚಾಂಪಿಯನ್ ಆಗುವ ಮೊದಲೇ, ಸಂಬಳದ ಪಟ್ಟಿ ಉಬ್ಬುತ್ತಿದ್ದಾಗಲೇ ಒಂದೆರಡು ಅಂಕ ಕತ್ತರಿಸಿದ್ದರೆ ಅದು ಆಡಳಿತದವರ ಕಿವಿ ಹಿಂಡಿದಂತೆ ಆಗುತ್ತಿತ್ತು. ಒಂದೇ ಅಂಕದಲ್ಲಿ ಗೆದ್ದ ಲೀಗ್ ಅದು, ಆ ಒಂದು ಅಂಕದ ಭಯ ಇದ್ದಿದ್ದರೆ ಯಾರಾದರೂ ಲೆಕ್ಕ ತೆಗೆದು ನೋಡುತ್ತಿದ್ದರು. ಎಲ್ಲ ಮುಗಿದ ಮೇಲೆ 28 ಅಂಕ ಕತ್ತರಿಸಿದಾಗ ಆ ಪೆಟ್ಟು ಬಿದ್ದದ್ದು ಮಾಡಿದವರ ಮೇಲಲ್ಲ. ಉಳಿದುಕೊಂಡವರ ಮೇಲೆ: ಇಪ್ಪತ್ತರ ಹರೆಯದ ಆಟಗಾರರು, ಸೀಸನ್ ಟಿಕೆಟ್ ಕೊಂಡವರು, ಅಂಗಿ ಒಗೆದು ಕೊಟ್ಟವಳು.

ಸೀಸನ್ ಮುಗಿಯಿತು. ಸ್ಟುರ್ಮ್, ಫ್ರಾಂಕೊ ಫೋಡಾ ಎಂಬ ಕೋಚ್ ಜೊತೆ, 13 ಅಂಕ ಕಳೆದುಕೊಂಡೂ ಏಳನೇ ಸ್ಥಾನದಲ್ಲಿ ಉಳಿಯಿತು, ಸಾಲ ಕೊಟ್ಟವರ ಜೊತೆ ಒಪ್ಪಂದ ಮಾಡಿಕೊಂಡು ಬದುಕಿಕೊಂಡಿತು. ಜಿ.ಎ.ಕೆ. ಹತ್ತನೇ ಸ್ಥಾನ. ಎರಡನೇ ದರ್ಜೆಗೆ ಬೇಕಾದ ಲೈಸೆನ್ಸ್ ಕೂಡ ಸಿಗಲಿಲ್ಲ. 2007ರ ಶರತ್ಕಾಲಕ್ಕೆ, ಆನ್‌ಫೀಲ್ಡ್‌ನಲ್ಲಿ ಗೆದ್ದ ಕ್ಲಬ್ ರೆಗಿಯೋನಾಲ್‌ಲೀಗಾ ಮಿಟ್ಟೆ ಎಂಬ ಮೂರನೇ ದರ್ಜೆಯ ಪ್ರಾದೇಶಿಕ ಲೀಗ್‌ನಲ್ಲಿ ಹಳ್ಳಿ ತಂಡಗಳ ಜೊತೆ ಆಡುತ್ತಿತ್ತು.

ಇಲ್ಲಿ ನಮ್ಮ ಕಡೆಯವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನಾವು ಹೆಚ್ಚಾಗಿ ನೋಡುವುದು ಐಪಿಎಲ್. ಆರ್‌ಸಿಬಿ 2016ರಲ್ಲಿ ಫೈನಲ್ ಆಡಿತು, 2017ರಲ್ಲಿ ಕೊನೆಯ ಸ್ಥಾನ ಪಡೆಯಿತು, 2018ರ ಏಪ್ರಿಲ್‌ನಲ್ಲಿ ಮತ್ತೆ ಅದೇ ಚಿನ್ನಸ್ವಾಮಿಯಲ್ಲಿ ಅದೇ ಲೀಗ್‌ನಲ್ಲಿ ಆಡಿತು. ಕೊನೆಯ ಸ್ಥಾನ ನೋವು ಕೊಡುತ್ತದೆ, ಆದರೆ ಏನನ್ನೂ ಕಸಿದುಕೊಳ್ಳುವುದಿಲ್ಲ. ಫುಟ್‌ಬಾಲ್‌ನಲ್ಲಿ ಹಾಗಲ್ಲ. ಬೆಂಗಳೂರಿನ ಎಚ್‌ಎಎಲ್ ತಂಡದ ಬೆಂಬಲಿಗರಿಗೆ ಇದು ಗೊತ್ತು, 2011-12ರ ಐ-ಲೀಗ್ ಮುಗಿದಾಗ ಅವರ ತಂಡ ಕೆಳಗಿಳಿಯಿತು, ಮತ್ತೆ ಮೇಲೆ ಬರಲಿಲ್ಲ. ಕೆಳಗಿಳಿದರೆ ಟಿವಿ ಹಣ ಹೋಗುತ್ತದೆ, ಪ್ರಾಯೋಜಕರು ಹೋಗುತ್ತಾರೆ, ಆಟಗಾರರ ಒಪ್ಪಂದಗಳು ಮುರಿದುಬೀಳುತ್ತವೆ, ಕಚೇರಿಯಲ್ಲಿ ಕೆಲಸ ಮಾಡುವವರನ್ನು ಮನೆಗೆ ಕಳಿಸುತ್ತಾರೆ. ಅಂಕಪಟ್ಟಿಯ ಕೊನೆಯ ಸಾಲಿನಲ್ಲಿ ಎಷ್ಟೋ ಮನೆಗಳ ಸಂಬಳ ನೇತಾಡುತ್ತಿರುತ್ತದೆ.

ಮೂರನೇ ದರ್ಜೆಯಲ್ಲಿ ಜಿ.ಎ.ಕೆ. ಐದು ವರ್ಷ ಕಳೆಯಿತು. ಮತ್ತೆ ಮತ್ತೆ ಹಣದ ತೊಂದರೆ, ಮತ್ತೆ ದಿವಾಳಿ ಅರ್ಜಿ. 2012ರ ಬೇಸಿಗೆಯಲ್ಲಿ ಬಡ್ತಿಗಾಗಿ ಹಾರ್ಟ್‌ಬೆರ್ಗ್ ವಿರುದ್ಧ ಪ್ಲೇಆಫ್ ಆಡುವ ಅವಕಾಶ ಸಿಕ್ಕಿತು. ಹಾರ್ಟ್‌ಬೆರ್ಗ್ ಕೂಡ ಸ್ಟೈರಿಯಾದ್ದೇ, ಚಿಕ್ಕ ಊರು. ಎರಡನೇ ಪಂದ್ಯದಲ್ಲಿ ಸೋಲು ಖಚಿತವಾಗುತ್ತಿದ್ದಂತೆ ಕೆಲವು ಬೆಂಬಲಿಗರು ಮೈದಾನಕ್ಕೆ ನುಗ್ಗಿದರು, ಪಂದ್ಯ ನಿಂತುಹೋಯಿತು. ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ನುಗ್ಗಿದ್ದನ್ನು ಒಪ್ಪಲಾರೆ. ಎದುರಿಗಿದ್ದ ಹಾರ್ಟ್‌ಬೆರ್ಗ್ ಆಟಗಾರರು ಇವರಿಗೆ ಯಾವ ಕೆಡುಕನ್ನೂ ಮಾಡಿರಲಿಲ್ಲ. ಅದೇ ವರ್ಷದ ಶರತ್ಕಾಲದಲ್ಲಿ 1902ರ ಆ ಕ್ಲಬ್ಬಿನ ಫುಟ್‌ಬಾಲ್ ತಂಡ ಸೀಸನ್ ಅರ್ಧಕ್ಕೆ ನಿಲ್ಲಿಸಿ ಬಾಗಿಲು ಮುಚ್ಚಿತು.

ನನಗೆ ಈ ಇಡೀ ಕಥೆಯಲ್ಲಿ ಅತಿ ಮುಖ್ಯವೆನಿಸುವುದು ಇದರ ನಂತರದ ಕೆಲವು ತಿಂಗಳು. ಬೆಂಬಲಿಗರು ಸೇರಿ ಹೊಸ ಸಂಘ ಕಟ್ಟಿದರು, ಮೊದಲಿಗೆ ‘ಗ್ರಾಟ್ಸರ್ ಎ.ಸಿ.’ ಎಂಬ ಹೆಸರಿನಲ್ಲಿ. ಯಾವ ಕೋಟ್ಯಧೀಶನೂ ಬರಲಿಲ್ಲ, ಯಾವ ಲೈಸೆನ್ಸೂ ಕೊಳ್ಳಲಿಲ್ಲ. ಕೊಳ್ಳುವ ದಾರಿ ಇರಲಿಲ್ಲವೆಂದಲ್ಲ. ಜಿ.ಎ.ಕೆ. ಇಳಿದ ಅದೇ 2007ರ ಬೇಸಿಗೆಯಲ್ಲಿ ಲಿನ್ಜ್ ಹತ್ತಿರದ ಪಾಶಿಂಗ್ ತಂಡದ ಬುಂಡೆಸ್‌ಲೀಗಾ ಸ್ಥಾನವನ್ನು ಹಾಗೇ ಎತ್ತಿ ಕ್ಲಾಗನ್‌ಫರ್ಟ್‌ಗೆ ಒಯ್ಯಲಾಯಿತು. 2008ರ ಯುರೊ ಕಪ್‌ಗೆಂದು ಅಲ್ಲಿ ದೊಡ್ಡ ಕ್ರೀಡಾಂಗಣ ಕಟ್ಟಿದ್ದರು, ಅದರಲ್ಲಿ ಆಡಲು ಒಂದು ತಂಡ ಬೇಕಿತ್ತು. ಆಸ್ಟ್ರಿಯಾ ಕೇರ್ಂಟೆನ್ ಎಂದು ಹೆಸರಿಟ್ಟರು. ಮೂರು ವರ್ಷಕ್ಕೆ ಆ ತಂಡ ಕೆಳಗಿಳಿಯಿತು, ದಿವಾಳಿಯಾಗಿ ಇಲ್ಲವಾಯಿತು.

ಗ್ರಾಟ್ಸ್‌ನವರು ಆ ದಾರಿ ಹಿಡಿಯಲಿಲ್ಲ. 2013ರಲ್ಲಿ ಎಂಟನೇ ದರ್ಜೆಯಿಂದ ಶುರು ಮಾಡಿದರು. ಎಂಟನೇ ದರ್ಜೆ ಎಂದರೆ ಊರೂರಿನ ಮೈದಾನ, ಒಂದು ಬದಿಗೆ ಮಾತ್ರ ಬೆಂಚು, ಇನ್ನೊಂದು ಬದಿಗೆ ಜೋಳದ ಹೊಲ. ಶನಿವಾರದವರೆಗೆ ಗಾರೆ ಕೆಲಸ ಮಾಡಿ, ಅಂಗಡಿ ನೋಡಿಕೊಂಡು ಬಂದು ಆಡುವ ಎದುರಾಳಿಗಳು. ನಗರದ ಉತ್ತರಕ್ಕಿರುವ ವೈನ್‌ತ್ಸೋಡ್ಲ್ ಮೈದಾನದಲ್ಲಿ ಜಿ.ಎ.ಕೆ.ಯ ಮನೆಪಂದ್ಯಗಳು. ಬೇರೆ ತಂಡಗಳಿಗೆ ಅರವತ್ತು ಎಪ್ಪತ್ತು ಜನ ಬರುವ ಆ ದರ್ಜೆಯಲ್ಲಿ ಇವರಿಗೆ ಸಾವಿರಗಟ್ಟಲೆ ಜನ ಬಂದರು, ಅದೇ ಕೆಂಪು ಶಾಲು ಹೊದ್ದು, ಅದೇ ಹಾಡು ಹಾಡುತ್ತಾ. ಹಳ್ಳಿ ತಂಡಗಳಿಗೂ ಅದು ಹಬ್ಬ, ಜಿ.ಎ.ಕೆ. ಬರುವ ದಿನದ ಗಲ್ಲಾಪೆಟ್ಟಿಗೆ ವರ್ಷವಿಡೀ ನೆನೆಯುವಂಥದ್ದು.

2014ರಲ್ಲಿ ಬಡ್ತಿ. 2015ರಲ್ಲಿ ಬಡ್ತಿ. ಹೀಗೆ ಪ್ರತಿ ವರ್ಷ ಒಂದೊಂದು ಮೆಟ್ಟಿಲು, ಸತತ ಆರು ಸಲ. 2019ರ ಹೊತ್ತಿಗೆ ಎರಡನೇ ದರ್ಜೆಗೆ ಬಂದು ನಿಂತರು. ಜಿ.ಎ.ಕೆ. 1902 ಎಂಬ ಹೆಸರೂ ಮರಳಿ ಬಂದಿತ್ತು. ಆಮೇಲೆ ಓಟ ನಿಧಾನವಾಯಿತು. ಎರಡನೇ ದರ್ಜೆಯಲ್ಲಿ ಐದು ಸೀಸನ್ ಆಡಿದರು. ನನ್ನ ದೃಷ್ಟಿಯಲ್ಲಿ ಈ ಐದು ವರ್ಷ ಆ ಆರು ಬಡ್ತಿಗಳಿಗಿಂತ ದೊಡ್ಡ ಸಾಧನೆ. ಮೇಲೇರುವ ಆಸೆ ಇದ್ದೇ ಇರುತ್ತದೆ, ಊರಿನ ಜನ ಒತ್ತುತ್ತಲೇ ಇರುತ್ತಾರೆ, ಪಕ್ಕದ ಸ್ಟುರ್ಮ್ ಮತ್ತೆ ಕಪ್ ಗೆಲ್ಲುತ್ತಿರುತ್ತದೆ. ಎರಡು ದಶಕದ ಹಿಂದೆ ಕ್ಲಬ್ಬನ್ನು ಮುಳುಗಿಸಿದ ಒತ್ತಡವೇ ಅದು. ಈ ಸಲ ಕಾದರು.

2024ರಲ್ಲಿ ಗೆರ್ನೋಟ್ ಮೆಸ್ನರ್ ತರಬೇತಿಯಲ್ಲಿ ಎರಡನೇ ದರ್ಜೆ ಗೆದ್ದು, 17 ವರ್ಷದ ನಂತರ ಜಿ.ಎ.ಕೆ. ಬುಂಡೆಸ್‌ಲೀಗಾಕ್ಕೆ ಮರಳಿತು. ಅದೇ 2024ರಲ್ಲಿ ಸ್ಟುರ್ಮ್ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದಿತ್ತು, ಅಂದರೆ ಚಾಂಪಿಯನ್ನರೂ ಹೊಸದಾಗಿ ಬಂದವರೂ ಒಂದೇ ಊರಿನವರು, ಒಂದೇ ಲೀಬೆನೌ ಮೈದಾನ ಹಂಚಿಕೊಂಡವರು. ಆ ಮೈದಾನ ಚಾಂಪಿಯನ್ಸ್ ಲೀಗ್‌ನ ನಿಯಮಕ್ಕೆ ಸಾಲದೆ ಸ್ಟುರ್ಮ್ ತನ್ನ ಯುರೋಪಿಯನ್ ಪಂದ್ಯಗಳನ್ನು ಕ್ಲಾಗನ್‌ಫರ್ಟ್‌ನಲ್ಲಿ ಆಡಬೇಕಾಯಿತು. ಊರಿಗೆ ಒಳ್ಳೆಯ ಕ್ರೀಡಾಂಗಣ ಬೇಕು, ಎರಡು ಬೇಕೇ, ಯಾರ ಹಣದಲ್ಲಿ ಎಂಬ ವಾದ ಗ್ರಾಟ್ಸ್‌ನಲ್ಲಿ ವರ್ಷಗಳಿಂದ ನಡೆಯುತ್ತಿದೆ.

ಜಿ.ಎ.ಕೆ. ಮರಳಿದ ಹೊತ್ತಿಗೆ ಬುಂಡೆಸ್‌ಲೀಗಾದ ಕ್ರಮ ಬೇರೆಯಾಗಿತ್ತು. 2018ರಿಂದ ಹನ್ನೆರಡು ತಂಡಗಳು. 22 ಸುತ್ತಿನ ನಂತರ ಮೇಲಿನ ಆರು, ಕೆಳಗಿನ ಆರು ಎಂದು ಪಟ್ಟಿಯನ್ನು ಎರಡಾಗಿ ಒಡೆದು, ಎಲ್ಲರ ಅಂಕಗಳನ್ನೂ ಅರ್ಧಕ್ಕಿಳಿಸಿ ಮುಂದಿನ ಹತ್ತು ಸುತ್ತು ಆಡಿಸುತ್ತಿದ್ದರು. ಅಂತರ ಕಡಿಮೆಯಾಗುತ್ತಿದ್ದುದರಿಂದ ಕೆಳಗಿನ ಗುಂಪಿನಲ್ಲಿ ಕೊನೆಯ ದಿನದವರೆಗೂ ಯಾರು ಇಳಿಯುತ್ತಾರೆ ಎಂದು ಹೇಳಲಾಗುತ್ತಿರಲಿಲ್ಲ. 2025ರ ಮೇ ತಿಂಗಳಲ್ಲಿ ಜಿ.ಎ.ಕೆ. ಅದೇ ಗುಂಪಿನಲ್ಲಿ ಕೊನೆಯವರೆಗೂ ಒದ್ದಾಡಿತು. ಈ ಸಲ ಅಂಕಗಳು ಮೈದಾನದಲ್ಲಿ ಗಳಿಸಿದವು, ಕಚೇರಿಯಲ್ಲಿ ಯಾರೂ ಅವರ ಅಂಕಕ್ಕೆ ಕೈ ಹಚ್ಚಲಿಲ್ಲ. ಉಳಿದುಕೊಂಡರು.

ಇಳಿದದ್ದು ಆಸ್ಟ್ರಿಯಾ ಕ್ಲಾಗನ್‌ಫರ್ಟ್. 2007ರಲ್ಲಿ ಪಾಶಿಂಗ್‌ನ ಸ್ಥಾನ ಹೊತ್ತು ತಂದ ಕ್ಲಬ್ ಇದಲ್ಲ, ಅದರ ನಂತರ ಅದೇ ಊರಿನಲ್ಲಿ ಬೆಳೆದ ಬೇರೆಯದು. ಆದರೆ ಆಡುತ್ತಿದ್ದದ್ದು ಅದೇ ದೊಡ್ಡ ಕ್ರೀಡಾಂಗಣದಲ್ಲಿ. ಆ ಊರಿನ ಬೆಂಬಲಿಗರು ಎರಡು ದಶಕದಲ್ಲಿ ಅನುಭವಿಸಿದ್ದನ್ನು ಹೇಳಲು ಇನ್ನೊಂದು ಸಂಜೆ ಬೇಕಾಗುತ್ತದೆ. ಸದ್ಯಕ್ಕೆ ನಿಮ್ಮ ಪ್ರಶ್ನೆಗಳಿಗೆ ಸಮಯ ಬಿಡುತ್ತೇನೆ. ಲೈಸೆನ್ಸ್ ಪದ್ಧತಿಯ ಬಗ್ಗೆ ಕೇಳಬೇಕೆಂದು ಮೊದಲೇ ಹೇಳಿದವರಿದ್ದಾರೆ, ಅವರಿಂದಲೇ ಶುರು ಮಾಡೋಣ.